ನನ್ನ ಕೋಣೆಗೆ ನಾನೇ ಅತಿಥಿ

"ತಲಿ ಬಗ್ಗಿಸ್ರಿ ಅಕ್ಕಾರ, ಬಾಗ್ಲಾ ಗಿಡ್ಡ ಐತಿ" ಎಂದಳು ತಮ್ಮನ ಹೆಂಡತಿ. ಕುರುಗೋಡಿನ ಆ ಮಣ್ಣಿನ ಮಾಳಿಗೆಯ ಕೋಣೆಯಲ್ಲೇ ನಾನು ಬೆಳೆದದ್ದು. ಅಲ್ಲಿ ತಲೆ ಬಗ್ಗಿಸುವುದನ್ನು ಇವಳು ನನಗೆ ಕಲಿಸಬೇಕೇ?

ಮುತ್ತಜ್ಜ ಕಟ್ಟಿಸಿದ ನಮ್ಮ ತವರುಮನೆಯಲ್ಲಿ ಈಗ ಊರು ನೋಡಲು ಬಂದವರು ಉಳಿದುಕೊಳ್ಳುತ್ತಾರೆ. ಅವರಿಗೆ ಹೇಳುವ ಪಾಠವನ್ನೇ ನನಗೂ ಒಪ್ಪಿಸಿದಳು. ಕದವನ್ನು ತುಸು ಎತ್ತಿ ಅಗಳಿ ಹಾಕಬೇಕಂತೆ. ಮಳೆ ಬಂದರೆ ಹಗ್ಗ ಎಳೆದು ಬೆಳಕಿಂಡಿ ಮುಚ್ಚಬೇಕಂತೆ. ಗೋಡೆಗೆ ಒರಗಿದರೆ ಸೀರೆಗೆ ಸುಣ್ಣ ಹತ್ತುತ್ತದಂತೆ! ಅವಳ ಸೊಂಟದ ಬೀಗದಕೈ ಗೊಂಚಲು ನೋಡಿ ನನ್ನ ಹೊಟ್ಟೆ ಉರಿಯಿತು.

"ನನಗೆಲ್ಲಾ ಗೊತ್ತೈತವ್ವಾ" ಎಂದವಳೇ ತೊಲೆಯ ಕಬ್ಬಿಣದ ಕೊಂಡಿಗೆ ಚೀಲ ಸಿಕ್ಕಿಸಿದೆ. ಚಿಕ್ಕಂದಿನಲ್ಲಿ ಮಂಚ ಹತ್ತಿ ಶಾಲೆಯ ಚೀಲ ಹಾಕುತ್ತಿದ್ದದ್ದೂ ಅದಕ್ಕೇ.

ಅವಳು ಮೆಲ್ಲಗೆ ಚೀಲ ಇಳಿಸಿದಳು. "ಅದಕ್ಕೇನೂ ಹಾಕಬ್ಯಾಡ್ರಿ. ನಿಮ್ಮ ತೊಟ್ಲಾ ತೂಗಿದ ಕೊಂಡಿ ಅದು. ಮುಟ್ಟಬ್ಯಾಡ್ರಿ ಅಂತ ಬಂದವರಿಗೆಲ್ಲಾ ಹೇಳ್ತೀನಿ. ನೀವು ಗಂಡನ ಮನಿಗಿ ಹೋದಮ್ಯಾಲ ಅತ್ತಿಯಾರು ದಿನಾ ಅದನ್ನ ನೋಡಿಕೋಂತ ನಿಮ್ಮ ಸುದ್ದಿ ಹೇಳೋರು."

ನನಗದು ಗೊತ್ತೇ ಇರಲಿಲ್ಲ. ಅವ್ವ ನನ್ನೆದುರು ಒಮ್ಮೆಯೂ ಅದರ ಮಾತೆತ್ತಿರಲಿಲ್ಲ.

ಬಳ್ಳಾರಿಯ ಪಾರ್ವತಿನಗರದ ನನ್ನ ಮನೆಗೆ ಮರಳಿದ್ದೇನೆ. ಅವಳ ಮೇಲಿನ ಸಿಟ್ಟು ಇಳಿದಿದೆ, ಹೊಟ್ಟೆಕಿಚ್ಚು ಮಾತ್ರ ಹೆಚ್ಚಿದೆ. ಆ ಮನೆ, ಆ ಬೀಗದಕೈ ಅವಳಿಗೇ ಇರಲಿ. ಅವ್ವ ಈಗಿಲ್ಲ, ನನ್ನನ್ನು ನೆನೆಯುವಾಗ ಅವ್ವನ ಮುಖ ಹೇಗಿರುತ್ತಿತ್ತು ಎಂಬುದನ್ನು ನೋಡಿದವಳು ಅವಳು, ನಾನಲ್ಲ.