ಜೈಲಿನಿಂದ ಜೋಗೇಶ್ವರಿಗೆ ತುಂಬಿದ ಉಡಿ

ಬೊರಿವಲಿಯಿಂದ ಬೆಳಗಿನ ಸ್ಲೋ ಲೋಕಲ್ ಹಿಡಿದೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮಳೆ ಆಗಷ್ಟೇ ಬಿಟ್ಟಿದ್ದು, ಲೇಡೀಸ್ ಡಬ್ಬಿಯಲ್ಲಿ ಮಲ್ಲಿಗೆಯೂ ಬೆವರೂ ಒಟ್ಟಿಗೇ ಮೂಗಿಗೆ ಬಡಿಯುತ್ತಿದ್ದವು. ಮೈಸೂರಿಗೆ ಹೋದಾಗಲೆಲ್ಲ ನಮ್ಮವರು, ಮುಂಬಯಿಯಲ್ಲಿ ಏನೇನು ನೋಡಿದೆ ಎಂದು ಪ್ರಾಣ ತಿನ್ನುತ್ತಾರೆ. ಅವತ್ತು ನಾನು ಹೊರಟದ್ದು ಹೆಂಗಸರ ಜೈಲಿಗೆ.

ಜೋಗೇಶ್ವರಿಯಲ್ಲಿ ಯಲ್ಲವ್ವ ಹತ್ತಿದಳು. ವಿಜಾಪುರದ ಕಡೆಯವಳು, ನಮ್ಮ ಬಿಲ್ಡಿಂಗ್ ಕಟ್ಟುವಾಗ ಇಟ್ಟಿಗೆ ಹೊತ್ತವಳು. ಅವಳ ತಂಗಿ ದುರ್ಗವ್ವ ಕೆಲಸದ ಜಾಗದ ಹೊಡೆದಾಟದಲ್ಲಿ ಕೂಲಿಗಳ ಮೇಸ್ತ್ರಿ ಮುಕಾದಮನೊಬ್ಬ ಸತ್ತ ಮೇಲೆ, ಹಾಲು ಕುಡಿಯುವ ಕೂಸಿನೊಂದಿಗೆ ಒಳಗೆ ಹೋದವಳು. ಕೇಸು ಇನ್ನೂ ಕುಂಟುತ್ತಲೇ ಇತ್ತು. ಮಗಳು ಗಂಗಾಗೆ ಈಗ ಐದು ತುಂಬಿದ್ದರಿಂದ ತಾಯಿಯ ಜೊತೆ ಇರುವಂತಿರಲಿಲ್ಲ. ಇವತ್ತು ದೊಡ್ಡವ್ವನ ಕೈಗೆ ಒಪ್ಪಿಸದಿದ್ದರೆ ಸರಕಾರಿ ಬಾಲಗೃಹವೇ ಗತಿ. ಯಲ್ಲವ್ವನಿಗೆ ಆಫೀಸಿನ ಮರಾಠಿ ಬಾರದು, ಅದಕ್ಕೇ ಜೊತೆಗೆ ನಾನು.

ಅವಳ ಕೈಚೀಲ ಜಗ್ಗುತ್ತಿತ್ತು. "ಏನೇ ಇದು, ಇಷ್ಟೊಂದು ಭಾರ?" ಎಂದೆ.

"ಉಡಿ ತುಂಬೂ ಸಾಮಾನ್ರೀ ಬಾಯಾರ. ಕಾಯಿ, ಅಕ್ಕಿ, ಹಸರ ಬಳಿ, ಕುಬಸದ ಕಣ. ಹುಡುಗಿ ಅವ್ವನ ಮನಿ ಬಿಟ್ಟು ಹೊಂಟಾಳಲ್ರಿ."

ನಮ್ಮ ಕಡೆ ಇದಕ್ಕೇ ಮಡಿಲು ತುಂಬುವುದು ಎನ್ನುತ್ತಾರೆ. ಆದರೆ ಜೈಲೂ ಒಬ್ಬಳಿಗೆ ಅವ್ವನ ಮನೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ದಾದರಿನಲ್ಲಿ ಗಾಡಿ ಬದಲಿಸಿ, ಇಳಿದ ಮೇಲೆ ಬಿಸಿಲಲ್ಲಿ ನಡೆದು, ಎತ್ತರದ ಕಲ್ಲುಗೋಡೆಯ ಮುಂದೆ ನಿಂತೆವು. ಗೇಟಿನ ಪೊಲೀಸಮ್ಮ ಚೀಲ ನೋಡಿ ತಲೆಯಾಡಿಸಿದಳು. ಕಾಯಿ ತಲೆ ಒಡೆಯಬಹುದು, ಗಾಜಿನ ಬಳೆ ಕೈ ಕುಯ್ಯಬಹುದು, ಹೊರಗಿನ ಅಕ್ಕಿಯಲ್ಲಿ ಏನಾದರೂ ಇರಬಹುದು. ಚೀಲ ಗೇಟಿನಲ್ಲೇ ಉಳಿಯಿತು. ಯಲ್ಲವ್ವನ ಮುಖ ಸಣ್ಣದಾಯಿತು.

ಒಳಗೆ ಜೈಲರ್ ಬಾಯಿ ಚಹಾ ಕೊಟ್ಟರು. ಮೊದಲು ಇಲ್ಲಿ ಮಾತಾಡಿದರೆ ಪ್ರತಿಧ್ವನಿ ಬರುತ್ತಿತ್ತಂತೆ, ಈಗ ರಾತ್ರಿ ಮಗ್ಗುಲು ಬದಲಿಸಲು ಪಕ್ಕದವಳನ್ನು ಕೇಳಬೇಕಂತೆ. ವರದಕ್ಷಿಣೆ ಕೇಸಿನಲ್ಲಿ ಅತ್ತೆ, ನಾದಿನಿ ಸೇರಿ ಮನೆಮಂದಿಯೆಲ್ಲ ಬರುತ್ತಾರಂತೆ. ಯಾರದೋ ಗಾಂಜಾ ಗಂಟು ಹೊತ್ತು ಸಿಕ್ಕಿಬಿದ್ದವರೂ ಹೆಚ್ಚಾಗಿದ್ದಾರಂತೆ.

ದುರ್ಗವ್ವ ಮಗಳ ಕೈ ಹಿಡಿದು ಬಂದಳು. ಗಂಗಾ ಎಣ್ಣೆ ಹಚ್ಚಿ ಜಡೆ ಹಾಕಿಸಿಕೊಂಡಿದ್ದಳು. ಹೆಬ್ಬೆಟ್ಟು ಒತ್ತುವ ಮೊದಲು ದುರ್ಗವ್ವ ಅಕ್ಕನ ಖಾಲಿ ಕೈ ನೋಡಿದಳು.

"ಉಡಿ ಎಲ್ಲೈತಿ?"

"ಬಾಗಲದಾಗ ಹಿಡಕೊಂಡ್ರವ್ವಾ."

"ಹಂಗಾರ ಕಳಸೂದಿಲ್ಲ. ಬರೀ ಉಡೀಲೆ ನನ್ನ ಮಗಳು ಹೊಸ್ತಿಲಾ ದಾಟಂಗಿಲ್ಲ."

ಯಲ್ಲವ್ವ ಬೇಡಿಕೊಂಡಳು, ನಾನು ಬುದ್ಧಿ ಹೇಳಿದೆ. ಅವಳು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಕೈಗೆ ಬಂದ ಮಗು ತಪ್ಪಿ ಬಾಲಗೃಹದ ಪಾಲಾಗುವುದರಲ್ಲಿತ್ತು. ಕೊನೆಗೆ ಜೈಲರ್ ಬಾಯಿಗೆ ಮರಾಠಿಯಲ್ಲಿ, ಇವಳು ಕೇಳುತ್ತಿರುವುದು ಮಗಳಿಗೆ ಓಟಿ ತುಂಬುವುದನ್ನು ಎಂದೆ; ಉಡಿಗೆ ಅವರು ಓಟಿ ಎನ್ನುತ್ತಾರೆ.

"ಅಸಂ ಸಾಂಗಾಯಚಂ ನಾ!" ಎಂದರು ಆಕೆ, ಮೊದಲೇ ಹೇಳಬಾರದಿತ್ತೇ ಎಂಬಂತೆ. ಎದ್ದು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ಹೆಂಗಸರು ಬಂದರು. ಒಬ್ಬಳು ಅಡುಗೆಮನೆಯ ಅಕ್ಕಿ ತಂದಳು. ಇನ್ನೊಬ್ಬಳು ಸೆರಗಿನಲ್ಲಿ ಕಟ್ಟಿಟ್ಟುಕೊಂಡಿದ್ದ ಬೆಲ್ಲದ ತುಣುಕು ಬಿಚ್ಚಿದಳು. ಮತ್ತೊಬ್ಬಳು ಹೊಲಿಗೆ ಕೋಣೆಯ ತುಂಡು ಬಟ್ಟೆಗೆ ಅಂಚು ಹೊಲಿದು ಕಣ ಮಾಡಿದ್ದಳು. ಗಂಗಾ ಫ್ರಾಕಿನ ಮುಂಭಾಗವನ್ನೇ ಉಡಿ ಮಾಡಿ ಹಿಡಿದಳು. ಕಾಯಿ ಎಲ್ಲಿಂದ ತರುವುದು? ಸೊಸೆ ಸತ್ತ ಕೇಸಿನಲ್ಲಿ ಬಂದ, ಯಾರೂ ಭೇಟಿಗೆ ಬರದ ಮುದುಕಿಯೊಬ್ಬಳು ಮುಂದೆ ಬಂದು, ತಲೆಯ ಮೇಲೆ ಸೆರಗು ಹೊದ್ದು, ತೊಳೆದ ದಪ್ಪ ಬಟಾಟೆಯೊಂದನ್ನು ಅಕ್ಕಿಯ ಮೇಲಿಟ್ಟಳು. ಅವಳ ಮನೆಯಲ್ಲಿ ಏನು ನಡೆದಿತ್ತೋ ನಾನರಿಯೆ. ನನ್ನ ಕೈ ತಾನಾಗಿ ಮುಗಿದಿತ್ತು. ಎಷ್ಟೋ ದೇವಸ್ಥಾನಗಳಲ್ಲಿ ನಿಂತಿದ್ದೇನೆ, ಅಂಥ ನಿಶ್ಶಬ್ದ ಕಂಡಿರಲಿಲ್ಲ.

ದುರ್ಗವ್ವ ಹೆಬ್ಬೆಟ್ಟು ಒತ್ತಿದಳು. ಮಗಳ ಕೆನ್ನೆ ಸವರಿ, ತಿರುಗಿ ನೋಡದೆ ಒಳಗೆ ನಡೆದಳು.

ಗೇಟಿನಲ್ಲಿ ಚೀಲ ವಾಪಸು ಸಿಕ್ಕಿತು. ಗಂಗಾ ಮಾತ್ರ ಫ್ರಾಕು ಬಿಡಲೊಲ್ಲಳು. ಕೊನೆಗೆ ಯಲ್ಲವ್ವ ಅದನ್ನೇ ಗಂಟು ಕಟ್ಟಿದಳು. ದಾದರಿನಿಂದ ಲೋಕಲ್ ಹೊರಟಿತು. ಹುಡುಗಿ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಡಬ್ಬಿಯ ಬಾಗಿಲನ್ನೇ ನೋಡುತ್ತಿದ್ದಳು.

"ದೊಡ್ಡವ್ವಾ, ಈ ಬಾಗಲಾ ಯಾವಾಗ ಹಾಕ್ತಾರ?"

"ಹಾಕಂಗಿಲ್ಲವ್ವಾ. ಇದು ಯಾವಾಗ್ಲೂ ತೆರದೇ ಇರತೈತಿ."

ಗಂಗಾ ತಿರುಗಿ ದೊಡ್ಡವ್ವನ ಮುಖ ನೋಡಿದಳು. "ಹಂಗಾರ ಅವ್ವ ಇದರಾಗ ಯಾಕ ಬರಲಿಲ್ಲ?"

ಯಲ್ಲವ್ವ ಅವಳನ್ನು ತೊಡೆಗೆಳೆದುಕೊಂಡಳು. ಜೋಗೇಶ್ವರಿಯಲ್ಲಿ ಇಬ್ಬರೂ ಇಳಿದರು. ಗಾಡಿ ಹೊರಟಾಗ ಬಾಗಿಲಲ್ಲಿ ಬಗ್ಗಿ ನೋಡಿದೆ. ಗುಂಪಿನ ನಡುವೆ ಆ ಹುಡುಗಿ, ಗಂಟು ಕಟ್ಟಿದ್ದರೂ ನಂಬದೆ, ಎರಡೂ ಕೈಯಲ್ಲಿ ಉಡಿ ಅವುಚಿಕೊಂಡು ಹುಷಾರಾಗಿ ಹೆಜ್ಜೆ ಇಡುತ್ತಿದ್ದಳು.