ಪ್ರೋಟೀನ್ ಜಾಸ್ತಿ

ಮೆದುಳಿನ ಗೆಡ್ಡೆಗಳಲ್ಲಿ ಯಾವ ಪ್ರೋಟೀನ್ ಎಷ್ಟಿದೆ ಎಂದು ಪರೀಕ್ಷಿಸುವ ಲ್ಯಾಬಿನಲ್ಲಿ ನನ್ನ ಕೆಲಸ. ಆಪರೇಷನ್ ಮಾಡಿಸಿ ಗೆಡ್ಡೆ ತೆಗೆಸಿಕೊಂಡಿದ್ದ, ನಮಗೆ ಪರಿಚಯದ ಜವರಪ್ಪನವರನ್ನು ವಿಚಾರಿಸಲು ಹಂಪಾಪುರಕ್ಕೆ ಹೋದರೆ, ಮನುಷ್ಯ ಸೊರಗಿ ಮಂಚ ಹಿಡಿದಿದ್ದರು. ಗೆಡ್ಡೆ ಮತ್ತೆ ಬೆಳೆಯಿತೇ ಎಂದು ಹೆದರಿದೆ.

“ಊಟ ಮಾಡ್ತಾರಾ?” ಎಂದು ಅವರ ಹೆಂಡತಿ ಕೆಂಪಮ್ಮನನ್ನು ಕೇಳಿದೆ.

“ಬರೀ ಗಂಜಿ ಕಣವ್ವ. ಗೆಡ್ಡೇಲಿ ಪ್ರೋಟೀನ್ ಜಾಸ್ತಿ ಅಂತ ರಿಪೋರ್ಟಲ್ಲಿ ಐತಂತಲ್ಲ? ಮೊಟ್ಟೆ, ಕಾಳು, ಹಾಲು ಎಲ್ಲಾ ನಿಲ್ಸ್‌ಬುಟ್ಟೆ.”

ಆ ರಿಪೋರ್ಟ್ ಟೈಪ್ ಮಾಡಿದ್ದು ನಾನೇ.

“ಅದು ಗೆಡ್ಡೆ ತಾನೇ ಮಾಡ್ಕೊಳ್ಳೋ ಪ್ರೋಟೀನ್ ಅಮ್ಮ, ಊಟದ್ದಲ್ಲ. ಎಲ್ಲಾ ಕೊಡಿ. ನಾಳೆನೇ ಡಾಕ್ಟರಿಗೂ ತೋರಿಸಿ.”

ಕೆಂಪಮ್ಮ ಸೆರಗಿನಿಂದ ಬಾಯಿ ಮುಚ್ಚಿ ಅಳತೊಡಗಿದರು. ಜವರಪ್ಪನವರು ಮೆಲ್ಲಗೆ ಅಂದರು: “ಆಮೇಲ್ ಅಳುವಂತೆ. ಎಲ್ಡು ಮೊಟ್ಟೆ ಬೇಯ್ಸು.”

ಆಮೇಲೆ ಡಾಕ್ಟರು ಮಾಡಿಸಿದ ಸ್ಕ್ಯಾನಿನಲ್ಲಿ ಹೊಸ ಗೆಡ್ಡೆ ಕಾಣಲಿಲ್ಲ. ಈಗ ಪ್ರತಿ ರಿಪೋರ್ಟಿನ ಕೊನೆಗೆ ‘ಚೆನ್ನಾಗಿ ಊಟ ಮಾಡಿ’ ಎಂದು ಕನ್ನಡದಲ್ಲಿ ಸೇರಿಸುತ್ತೇನೆ. ಅದನ್ನು ತೆಗೆಯಿರಿ ಎಂದು ನಮ್ಮ ಲ್ಯಾಬಿನ ಡಾಕ್ಟರು ಇನ್ನೂ ಹೇಳಿಲ್ಲ.