ಅರ್ಧ ಗಡ್ಡ

ನಮ್ಮ ಚಿಕ್ಕಪ್ಪನಿಗೆ ಕೋಪವೇ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬರುತ್ತದೆ ಸ್ವಾಮಿ, ಚೆನ್ನಾಗಿಯೇ ಬರುತ್ತದೆ. ಆದರೆ ಅವನು ಕ್ಷೌರಿಕ. ಕುರ್ಚಿಯಲ್ಲಿ ಕೂತು ಕೊರಳಿಗೆ ಬಟ್ಟೆ ಸುತ್ತಿಸಿಕೊಂಡವನ ಹತ್ತಿರ ಜಗಳವಾಡಕೂಡದು ಎಂದು ನನ್ನ ತಾತ, ಕತ್ತಿಯನ್ನು ಅವನ ಕೈಗೆ ಕೊಟ್ಟ ದಿನವೇ ಆಣೆ ಹಾಕಿಸಿಕೊಂಡಿದ್ದನಂತೆ. ಸಿಟ್ಟಿನಲ್ಲಿ ಕೈ ನಡುಗಿದರೆ ಹೋಗುವುದು ಗಿರಾಕಿಯ ಕತ್ತು.

ಈ ಆಣೆಯ ವಿಷಯ ಪೀಪಿಗೆ ಗೊತ್ತಾದದ್ದೇ ಅನಾಹುತವಾಯಿತು. ಪೀಪಿ ಎಂದರೆ ಚಿಕ್ಕಪ್ಪನ ಕೆಳಗಿನ ಮನೆಯ ಬಾಡಿಗೆದಾರ. ಬ್ಯಾಂಡಿನಲ್ಲಿ ತುತ್ತೂರಿ ಊದುವವನು, ಒಂಟಿ ಜೀವ. ಚಿಕ್ಕಪ್ಪ, ಚಿಕ್ಕಮ್ಮ ಇದ್ದದ್ದು ಮಹಡಿಯ ಮೇಲೆ. ಮಂಡಿ ಕೈಕೊಟ್ಟ ಮೇಲೆ ಚಿಕ್ಕಮ್ಮ ಮೆಟ್ಟಿಲು ಇಳಿಯುವುದನ್ನೇ ಬಿಟ್ಟಳು. ಹೇಗೋ ಇಳಿದರೂ ಮತ್ತೆ ಹತ್ತಬೇಕಲ್ಲ! ತರಕಾರಿಯವಳ ಜೊತೆ ಚೌಕಾಸಿ ಮಾಡದೆ ಒಂದು ದಿನವೂ ಇರಲಾರದವಳು ಈಗ ಕಿಟಕಿಯ ಸರಳು ಹಿಡಿದು ಬೀದಿ ನೋಡುತ್ತ ನಿಲ್ಲುತ್ತಿದ್ದಳು. "ಎಲ್ಲರ ನೆತ್ತಿ ಗೊತ್ತು, ಮುಖಾನೇ ಮರೆತುಹೋಗಿದೆ ಕಣೋ" ಎಂದಳು ಒಮ್ಮೆ.

ಅದಕ್ಕೇ ಕೆಳಗಿನ ಮನೆ ಬೇಕಾಗಿತ್ತು. ಚಿಕ್ಕಪ್ಪ ಮೊದಲು ನಯವಾಗಿಯೇ ಹೇಳಿದ.

"ಹೋಗಲ್ಲ ಅಣ್ಣ. ತುತ್ತೂರಿ ಊದೋನಿಗೆ ಯಾರು ಮನೆ ಕೊಡ್ತಾರೆ?" ಎಂದ ಪೀಪಿ.

ಅದೂ ಸುಳ್ಳಲ್ಲ. ಆಮೇಲೆ ಚಿಕ್ಕಪ್ಪ ಮುಖ ಗಂಟಿಕ್ಕಿಕೊಂಡದ್ದು ಕಂಡರೆ ಸಾಕು, ಪೀಪಿ ಮನೆಯೆದುರಿನ ಚಿಕ್ಕಪ್ಪನ ಅಂಗಡಿಗೇ ಓಡಿ, ಕುರ್ಚಿಯಲ್ಲಿ ಕೂತು, ತಾನೇ ಕೊರಳಿಗೆ ಬಟ್ಟೆ ಕಟ್ಟಿಕೊಂಡುಬಿಡುವನು. ಚಿಕ್ಕಪ್ಪ ಹಲ್ಲು ಕಚ್ಚಿಕೊಂಡು ಸೋಪು ಹಚ್ಚುವನು. ಬಯ್ಯಲು ಹೊರಟವನು ಗಡ್ಡ ಬೋಳಿಸಿ, ಪೌಡರು ಹಾಕಿ ಕಳಿಸುವನು! ಇವನೆಂಥ ಬಾಡಿಗೆದಾರ, ಅವನೆಂಥ ಮಾಲೀಕ, ನನಗಂತೂ ತಲೆಬುಡ ಅರ್ಥವಾಗುತ್ತಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಚಿಕ್ಕಪ್ಪ ಪೀಪಿಯ ಎಡಗೆನ್ನೆ ಬೋಳಿಸಿದವನೇ ಕತ್ತಿ ಮಡಚಿಟ್ಟ. ಬಯ್ಯಲಿಲ್ಲ, ಆಣೆ ಇದೆಯಲ್ಲ.

"ಉಳಿದದ್ದು ಮನೆ ಖಾಲಿ ಮಾಡಿದ ಮೇಲೆ" ಎಂದ ಮೆತ್ತಗೆ.

ಪೀಪಿ ನಾಚಿಕೊಂಡು ಗಂಟುಮೂಟೆ ಕಟ್ಟುತ್ತಾನೆ ಅಂದುಕೊಂಡೆವು. ಎಲ್ಲಿಯ ಮಾತು! ಸ್ಟೂಲು ತಂದು ತನ್ನ ಮನೆಯ ಹೊಸ್ತಿಲ ಬಳಿ ಹಾಕಿಕೊಂಡು, ಅರ್ಧ ಗಡ್ಡವನ್ನು ಬೀದಿಗೆ ಪ್ರದರ್ಶನಕ್ಕಿಟ್ಟು ಕೂತ. "ಏನಯ್ಯಾ ಇದು ಅವತಾರ?" ಎಂದವರಿಗೆಲ್ಲ "ಎದುರಂಗಡಿ ಅಣ್ಣನ ಕೈಗುಣ!" ಎಂದ. ಜನ ನಕ್ಕದ್ದು ಅವನನ್ನಲ್ಲ, ಚಿಕ್ಕಪ್ಪನನ್ನು. ಗಿರಾಕಿಗಳು ಅಂಗಡಿಯ ಬಾಗಿಲವರೆಗೆ ಬಂದು, ಗಲ್ಲ ಸವರಿಕೊಂಡು ವಾಪಸಾದರು. ಪಾಪ, ಚಿಕ್ಕಪ್ಪ ಇಂಗು ತಿಂದ ಮಂಗನ ಹಾಗೆ ಖಾಲಿ ಕುರ್ಚಿ ಒರೆಸುತ್ತ ನಿಂತ. ಯಾರು ಯಾರನ್ನು ಖಾಲಿ ಮಾಡಿಸುತ್ತಿದ್ದಾರೆ ಎನ್ನುವುದೇ ತಿಳಿಯದಾಯಿತು.

ಆಗ ಮೆಟ್ಟಿಲ ಕಡೆ ಸದ್ದಾಯಿತು. ಚಿಕ್ಕಮ್ಮ ಒಂದೊಂದೇ ಮೆಟ್ಟಿಲಿನ ಮೇಲೆ ಕೂತು, ಜಾರಿ, ಮತ್ತೆ ಕೂತು ಇಳಿಯುತ್ತಿದ್ದಳು. ಕೈ ಹಿಡಿಯಲು ಹೋದರೆ "ಸರಿಯೋ ಆ ಕಡೆ!" ಎಂದು ಗದರಿದಳು. ಗೋಡೆ ಹಿಡಿದುಕೊಂಡು, ಪೀಪಿಯನ್ನು ದಾಟಿ ಒಳಗೆ ಹೋಗಿ, ಅವನ ಮಂಚದ ಮೇಲೆ ಕೂತೇಬಿಟ್ಟಳು. ಚಿಕ್ಕಪ್ಪ ಕೈಯ ಬಟ್ಟೆ ಸಮೇತ ಓಡಿಬಂದ.

"ನಾನಂತೂ ಇಳಿದಾಯ್ತು. ಇನ್ನು ಹತ್ತೋಕಾಗಲ್ಲ. ನೀನೀಗ ಎಲ್ಲಿ ಮಲಗ್ತೀಯೋ?" ಎಂದಳು ಪೀಪಿಗೆ.

ಪೀಪಿ ತಬ್ಬಿಬ್ಬಾದ. "ಅತ್ತಿಗೇ, ನಾನು ಹೋಗಲ್ಲ ಅಂತ ಹೇಳಿದ್ನಲ್ಲ..."

"ಹೋಗು ಅಂದೋರ್ಯಾರು? ಮೇಲಿನ ಮನೆ ಖಾಲಿ ಆಯ್ತಲ್ಲ, ಹತ್ತು!"

ಉಪಾಯ ಕೇಳಿ ಬೀದಿಯವರ ತಲೆಯೆಲ್ಲ ತಿಂದಿದ್ದೆವು, ಇಷ್ಟು ಸಣ್ಣ ಮಾತು ನಮ್ಮಲ್ಲಿ ಒಬ್ಬನಿಗಾದರೂ ಹೊಳೆದಿತ್ತೇ? ಪೀಪಿ ಮೆಟ್ಟಿಲು ನೋಡಿದ, ಚಿಕ್ಕಪ್ಪನನ್ನು ನೋಡಿದ, ತುತ್ತೂರಿಯನ್ನು ಕಂಕುಳಲ್ಲಿ ಇರುಕಿಕೊಂಡು ಮೇಲೆ ಹತ್ತಿದ.

ಸಂಜೆ ಚಿಕ್ಕಪ್ಪ ಅಂಗಡಿ ಮುಚ್ಚಿ, ಅಭ್ಯಾಸಬಲದಿಂದ ನೆಟ್ಟಗೆ ಮಹಡಿಗೆ ಹೋದ. ಬಾಗಿಲು ತೆರೆದದ್ದು ಅರ್ಧ ಗಡ್ಡ. ಚಿಕ್ಕಪ್ಪ, "ಕೂತ್ಕೋ, ಮುಗಿಸ್ತೀನಿ" ಎಂದ.

ಕೆಳಗೆ ಚಿಕ್ಕಮ್ಮ ಪೀಪಿಯ ಸ್ಟೂಲಿನ ಮೇಲೆ ಕೂತು ತರಕಾರಿಯವಳನ್ನು ಕೂಗಿ ನಿಲ್ಲಿಸಿದ್ದಳು. ಅವಳು ಬುಟ್ಟಿ ಇಳಿಸುವ ಮೊದಲೇ ಗಲ್ಲ ಹಿಡಿದು, "ಬಾರೇ, ಮುಖ ತೋರ್ಸು. ಎಷ್ಟು ಸೊರಗಿದ್ದೀಯೇ!" ಎಂದು ಅವಳ ಕೆನ್ನೆ ಸವರುತ್ತ ಅಳತೊಡಗಿದಳು. ಆ ದಿನ ಚೌಕಾಸಿ ಮಾಡುವುದನ್ನೇ ಮರೆತಳು.